ಅಳತೆಯಿಲ್ಲದ ದುರಸ್ತಿ: ಹಳೆಯ ಜಿಪ್ಸಿಯ ಕೀರ್ತಿಯನ್ನು ಕುರಿತು

1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದು 2019ರಲ್ಲಿ ಸಾರ್ವಜನಿಕರಿಗೆ ಮಾರಾಟ ನಿಂತ ಮಾರುತಿ ಜಿಪ್ಸಿಗೆ ಎರಡು ಬಗೆಯ ಕೀರ್ತಿ ಅಂಟಿಕೊಂಡಿದೆ. ಎಂಥ ಕೆಸರಿನಲ್ಲೂ ಹತ್ತಿಹೋಗುತ್ತದೆ ಎಂಬ ಮೊದಲನೆಯದು ಬಹುಮಟ್ಟಿಗೆ ನ್ಯಾಯವಾದದ್ದೇ. ಒಂದು ಟನ್ನಿನ ಆಸುಪಾಸಿನ ಹಗುರ ಮೈ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಜೊತೆಗೆ ಏರಿಗೆ ಬೇಕಾದ ಕೆಳ ಗೇರನ್ನೂ ಒದಗಿಸುವ ಟ್ರಾನ್ಸ್‌ಫರ್ ಕೇಸ್, ಇವಿಷ್ಟರ ಬೆಲೆ ಏನೆಂಬುದು ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ತೋಟದ ದಾರಿಗಳಲ್ಲಿ ಮಳೆಗಾಲ ಕಳೆದವರಿಗೆ ವಿವರಿಸಬೇಕಾದದ್ದಲ್ಲ. ಕೆಟ್ಟರೆ ಯಾವ ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಸರಿಮಾಡಿಕೊಡುತ್ತಾನೆ ಎಂಬ ಎರಡನೆಯ ಕೀರ್ತಿಯಾದರೋ ಯಾರ ಪರೀಕ್ಷೆಗೂ ಒಳಗಾಗದೆ ಬೆಳೆದು ನಿಂತಿದೆ. ಈ ವಾಹನವನ್ನು ಬಿಚ್ಚುವುದು ಸುಲಭ ಎಂಬ ನಿಜಸಂಗತಿಯನ್ನು ಅದರ ದೋಷವನ್ನು ಪತ್ತೆಹಚ್ಚುವುದೂ ಸುಲಭ ಎಂಬ ನಂಬಿಕೆಗೆ ಸಾಕ್ಷಿಯಾಗಿ ಬಳಸುತ್ತ ಬರಲಾಗಿದ್ದು, ಸೆಕೆಂಡ್ ಹ್ಯಾಂಡ್ ಜಿಪ್ಸಿ ಕೊಂಡವರು ಮೊದಲ ವರ್ಷ ಬಿಡಿಭಾಗಗಳ ಮೇಲೆ ಸುರಿಯುವ ಹಣ ಸೋರಿಹೋಗುವುದು ಈ ಬಿರುಕಿನಲ್ಲಿಯೇ.

ಚಾಸಿಯ ತುಕ್ಕು, ದಾಖಲೆಯಲ್ಲಿರುವ ಸಂಖ್ಯೆಗೂ ಲೋಹದ ಮೇಲೆ ಕೊರೆದಿರುವ ಸಂಖ್ಯೆಗೂ ಇರಬೇಕಾದ ಹೊಂದಾಣಿಕೆ, ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವ ಅಲೆದಾಟ, ಬಾನೆಟ್ಟಿನ ಕೆಳಗಿರುವುದು 970 ಸಿ.ಸಿ.ಯ ಮೊದಲ ಎಂಜಿನ್ನೋ 1996ರ ಜಿಪ್ಸಿ ಕಿಂಗ್‌ನೊಡನೆ ಬಂದ 1298 ಸಿ.ಸಿ.ಯದೋ ಎಂಬ ವಿಚಾರಣೆ, ಗಾಡಿ ಸೇನೆಯ ಹರಾಜಿನಿಂದ ಬಂದದ್ದೋ ತೋಟದ ಶೆಡ್ಡಿನಿಂದ ಬಂದದ್ದೋ ಎಂಬ ಚರಿತ್ರೆ, ಇವೆಲ್ಲ ಈ ವಿಷಯದಲ್ಲಿ ಆಸಕ್ತಿಯುಳ್ಳವರು ಬಲ್ಲ ಸಂಗತಿಗಳು. ಎಂಜಿನ್ನಿನ ಮಟ್ಟಿಗೆ ಪ್ರಚಲಿತ ಪದ್ಧತಿಯಲ್ಲಿ ಹೇಳಿಕೊಳ್ಳುವಂಥ ಕೊರತೆಯೂ ಇಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಗೇಜು ಸಣ್ಣ ಗ್ಯಾರೇಜುಗಳಲ್ಲಿಯೂ ಇದ್ದು, ಅದರ ಮುಳ್ಳು ತೋರಿಸಿದ್ದನ್ನು ಒಪ್ಪುವ ರೂಢಿಯೂ ಇದೆ. ಪದ್ಧತಿಯ ಹುಳುಕು ಹೊರಬೀಳುವುದು ಮುಂದಿನ ಆಕ್ಸಲಿನ ಹತ್ತಿರ ಬಂದಾಗ.

ಹಳೆಯ ಜಿಪ್ಸಿ ಕೊಂಡವರಲ್ಲಿ ಬಹಳ ಮಂದಿ ಬೇಗನೆ ಎದುರಿಸುವ ದೋಷವೆಂದರೆ ಮುಂದಿನ ಚಕ್ರಗಳ ನಡುಕ. ಗಂಟೆಗೆ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸಣ್ಣದೊಂದು ಗುಂಡಿಯೋ ಸೇತುವೆಯ ಜೋಡಣೆಯ ಗೆರೆಯೋ ಸಿಕ್ಕಿದರೆ ಸಾಕು, ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದಾಡತೊಡಗಿ, ಸ್ಟಿಯರಿಂಗ್ ಚಕ್ರ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಕುಲುಕಾಡಿ, ವೇಗ ತೀರ ತಗ್ಗುವ ತನಕ ಹದಕ್ಕೆ ಬರುವುದೇ ಇಲ್ಲ. ಇದಕ್ಕೆ ನಡೆಯುವ ಚಿಕಿತ್ಸೆಯ ಕ್ರಮ ಬಹುತೇಕ ಎಲ್ಲೆಡೆ ಒಂದೇ: ಮೊದಲು ವೀಲ್ ಬ್ಯಾಲೆನ್ಸಿಂಗ್, ಆಮೇಲೆ ಹೊಸ ಟೈರು, ಆಮೇಲೆ ಎರಡು ಚಕ್ರಗಳನ್ನು ಜೋಡಿಸುವ ಟೈರಾಡಿನ ತುದಿಗಳು, ಆಮೇಲೆ ಲೀಫ್ ಸ್ಪ್ರಿಂಗಿನ ಬುಷ್‌ಗಳು, ಕೊನೆಗೆ ಸ್ಟಿಯರಿಂಗ್ ಡ್ಯಾಂಪರ್, ಎಂದರೆ ಸ್ಟಿಯರಿಂಗಿನ ಅಡ್ಡ ಅಲುಗಾಟವನ್ನು ಹೀರಿಕೊಳ್ಳುವ ಶಾಕ್ ಅಬ್ಸಾರ್ಬರಿನಂಥ ಕೊಳವೆ. ಈ ಪಟ್ಟಿಯಲ್ಲಿರುವ ಯಾವುದೂ ಅಪ್ರಸ್ತುತವಲ್ಲವಾದರೂ ಪಟ್ಟಿಯ ಕ್ರಮವನ್ನು ನಿರ್ಧರಿಸಿರುವುದು ದೋಷದ ತರ್ಕವಲ್ಲ. ಯಾವ ಭಾಗ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಯಾವುದನ್ನು ಬಿಚ್ಚಲು ಕಡಿಮೆ ಹೊತ್ತು ಸಾಕು ಎಂಬ ಅನುಕೂಲವೇ ಅದನ್ನು ನಿರ್ಧರಿಸಿದೆ.

ನಡುಕ ಹುಟ್ಟುವ ಜಾಗದ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದಿನ ಆಕ್ಸಲಿನ ಎರಡು ತುದಿಗಳೂ ಟೊಳ್ಳು ಗೋಳಗಳಾಗಿ ಮುಗಿಯುತ್ತವೆ. ಚಕ್ರವನ್ನು ಹೊತ್ತ ನಕಲ್ ಎಂಬ ಎರಕದ ಭಾಗ ಆ ಗೋಳವನ್ನು ಹೊರಗಿನಿಂದ ತಬ್ಬಿಕೊಂಡು, ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್ ಎಂಬ ಗಿಡ್ಡ ಗೂಟಗಳ ಆಧಾರದ ಮೇಲೆ ಎಡಬಲಕ್ಕೆ ತಿರುಗುತ್ತದೆ. ಒಂದೊಂದು ಕಿಂಗ್‌ಪಿನ್ನೂ ಓರೆ ಉರುಳೆಗಳ ಬೇರಿಂಗಿನಲ್ಲಿ ಕುಳಿತಿದ್ದು, ಅದರ ತಲೆಯ ಕೆಳಗಿರುವ ಶಿಮ್ ಎಂಬ ತೆಳು ತಗಡುಗಳನ್ನು ತೆಗೆದರೆ ಬೇರಿಂಗಿನ ಬಿಗಿ ಹೆಚ್ಚುತ್ತದೆ, ಸೇರಿಸಿದರೆ ತಗ್ಗುತ್ತದೆ. ಈ ಮೊದಲೇ ಕೊಟ್ಟ ಬಿಗಿಗೆ ಪ್ರಿಲೋಡ್ ಎಂದು ಹೆಸರು. ಚಕ್ರ ಅಲುಗಾಡದಂತೆ ಪಿನ್ನುಗಳನ್ನು ಹಿಡಿದಿಡುವುದು ಅದರ ಒಂದು ಕೆಲಸವಾದರೆ, ಚರ್ಚೆಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವ ಇನ್ನೊಂದು ಕೆಲಸವೂ ಅದಕ್ಕಿದೆ: ಕಿಂಗ್‌ಪಿನ್ನಿನ ಸುತ್ತ ತೂಗಬಲ್ಲ ಚಕ್ರ, ಹಬ್, ನಕಲ್‌ಗಳ ಇಡೀ ಗುಂಪಿಗೆ ತನ್ನದೇ ಆದ ತೂಗಾಟದ ಲಯವಿದ್ದು, ಆ ತೂಗಾಟವನ್ನು ಹುಟ್ಟುತ್ತಲೇ ತಿಂದುಹಾಕುವ ಘರ್ಷಣೆ ಬರುವುದು ಈ ಬಿಗಿಯಿಂದ. ಬೇರಿಂಗ್ ಸವೆದು ಬಿಗಿ ಹೋದಾಗ ತಡೆಯೂ ಹೋಗುತ್ತದೆ. ಆಮೇಲೆ ಚಕ್ರದ ಸುತ್ತಿನ ಲಯ ಈ ತೂಗಾಟದ ಲಯಕ್ಕೆ ಕೂಡಿಬರುವ ವೇಗದಲ್ಲಿ ಯಾವ ಸಣ್ಣ ಹೊಡೆತವಾದರೂ ನಡುಕವನ್ನು ಎಬ್ಬಿಸಬಲ್ಲದು.

ಇಷ್ಟು ತಿಳಿದ ಮೇಲೆ ಪ್ರಚಲಿತ ಚಿಕಿತ್ಸೆ ಯಾಕೆ ಗುಣಪಡಿಸದೆಯೇ ಗುಣವಾದಂತೆ ತೋರಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಚಕ್ರದ ತೂಕವನ್ನು ಸಮಗೊಳಿಸಿದಾಗ ನಡುಕವನ್ನು ಕೆರಳಿಸುವ ಹೊಡೆತ ತಗ್ಗುತ್ತದೆಯೇ ಹೊರತು ಕೆರಳುವ ಗುಣ ಹೋಗುವುದಿಲ್ಲ. ಹೊಸ ಟೈರಿನ ತೂಕವೂ ಸೆಡವೂ ಬೇರೆಯಾದ್ದರಿಂದ ನಡುಕ ಏಳುವ ವೇಗ ಒಂದಿಷ್ಟು ಆಚೀಚೆ ಸರಿಯುತ್ತದೆ. ಹೊಸ ಟೈರಾಡ್ ತುದಿಯ ಹೊಸ ಬಿಗಿ ಒಂದಿಷ್ಟು ಘರ್ಷಣೆಯನ್ನು ಎರವಲು ಕೊಡುತ್ತದೆ. ಡ್ಯಾಂಪರ್ ಅಂತೂ ಕಿಂಗ್‌ಪಿನ್ನಿನಲ್ಲಿ ಇಲ್ಲವಾದ ತಡೆಯನ್ನು ಹೊರಗಿನಿಂದ ತುಂಬುವ ಸಾಧನವಾದ್ದರಿಂದ, ಅದನ್ನು ಬದಲಿಸಿದೊಡನೆ ನಡುಕ ನಿಲ್ಲುವುದೂ ಅದರ ಎಣ್ಣೆ ಸೋರಿ ಬಡವಾದೊಡನೆ ಮರಳುವುದೂ ಸಹಜ. ಹೀಗೆ ಒಂದೊಂದು ಬದಲಾವಣೆಯ ನಂತರವೂ ಗಾಡಿ ಒಂದಷ್ಟು ದಿನ ಸುಧಾರಿಸುತ್ತದೆ, ಆ ಸುಧಾರಣೆಯನ್ನೇ ಮಾಲೀಕನೂ ಮೆಕ್ಯಾನಿಕನೂ ರೋಗ ಸಿಕ್ಕಿತೆಂಬುದಕ್ಕೆ ಪುರಾವೆಯಾಗಿ ಸ್ವೀಕರಿಸುತ್ತಾರೆ, ನಡುಕ ಮರಳಿದಾಗ ಅದನ್ನು ಬೇರೆಯೇ ಒಂದು ರೋಗವೆಂದು ಎಣಿಸುತ್ತಾರೆ. ಭಾಗ ಬದಲಿಸಿ ನೋಡುವುದನ್ನೇ ಪರೀಕ್ಷೆಯೆಂದು ಕರೆಯುವ ಪದ್ಧತಿಯ ಮೂಲದೋಷ ಇದು. ಅಲ್ಲಿ ತಪ್ಪು ಉತ್ತರವೂ ಕೆಲವು ದಿನಗಳ ಮಟ್ಟಿಗೆ ಸರಿಯುತ್ತರದಂತೆಯೇ ವರ್ತಿಸುತ್ತದೆ.

ಪ್ರಿಲೋಡನ್ನು ಅಳೆಯುವುದಾದರೂ ದೊಡ್ಡ ಯಂತ್ರ ಬೇಡುವ ಕೆಲಸವಲ್ಲ. ಆಕ್ಸಲನ್ನು ಜಾಕಿನ ಮೇಲೆತ್ತಿ, ಚಕ್ರ ತೆಗೆದು, ಟೈರಾಡನ್ನು ಕಳಚಿ, ಗೋಳಕ್ಕೆ ಒತ್ತಿಕೊಂಡಿರುವ ಹೊರಸೀಲನ್ನು ಸಡಿಲಿಸಿ, ಟೈರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಲಂಬಕೋನದಲ್ಲಿ ಎಳೆದು, ನಕಲ್ ಅಲುಗಲು ಆರಂಭಿಸುವ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಎಂದು ನೋಡಿ, ಅದನ್ನು ಕಂಪನಿಯ ರಿಪೇರಿ ಕೈಪಿಡಿ ಹೇಳುವ ಮಿತಿಯೊಡನೆ ಹೋಲಿಸಿದರೆ ಆಯಿತು; ಸಂತೆಯಲ್ಲಿ ಮೀನು ತೂಗುವ ತಕ್ಕಡಿಯೇ ಇದಕ್ಕೆ ಸಾಲುತ್ತದೆ. ಆದರೆ ಶಿಮ್ ತೆಗೆದು ಬಿಗಿಮಾಡಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದೂ ಅವಸರವೇ. ಈ ಬೇರಿಂಗುಗಳು ಪೂರ್ತಿ ಸುತ್ತು ತಿರುಗುವುದಿಲ್ಲವಾದ್ದರಿಂದ, ವರ್ಷಗಟ್ಟಲೆ ನೇರ ಓಡಿದ ಗಾಡಿಯಲ್ಲಿ ಉರುಳೆಗಳು ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಹೊರಬಳೆಯಲ್ಲಿ ಸಣ್ಣ ತಗ್ಗುಗಳನ್ನು ಮಾಡಿಕೊಂಡಿರುತ್ತವೆ. ಅಂಥ ಬೇರಿಂಗಿಗೆ ನೇರ ಸ್ಥಿತಿಯಲ್ಲಿ ಸರಿಯಾದ ಬಿಗಿ ಕೊಟ್ಟರೆ ತಿರುವಿನಲ್ಲಿ ಅತಿಯಾಗುತ್ತದೆ. ತಿರುವಿಗೆ ಹೊಂದಿಸಿದರೆ ನೇರದಲ್ಲಿ, ಎಂದರೆ ನಡುಕ ಹುಟ್ಟುವ ಸ್ಥಿತಿಯಲ್ಲಿಯೇ, ಸಡಿಲ ಉಳಿಯುತ್ತದೆ. ನಕಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ತಿರುಗಿಸುವಾಗ ನಟ್ಟನಡುವೆ ಕೈಗೆ ಸಿಗುವ ಸಣ್ಣ ತಡೆಯೇ ಬೇರಿಂಗನ್ನು ಬದಲಿಸಲೇಬೇಕೆಂಬುದರ ಗುರುತು.

ಬೇರಿಂಗ್ ಇಷ್ಟು ಬೇಗ ಯಾಕೆ ಹಾಳಾಯಿತು ಎಂಬ ಪ್ರಶ್ನೆಯನ್ನು ಕೇಳುವವರು ಇನ್ನೂ ಕಡಿಮೆ. ಗೋಳದೊಳಗೆ ಇರಬೇಕಾದದ್ದು ಗ್ರೀಸ್. ಅದರ ಪಕ್ಕದ ಆಕ್ಸಲ್ ಕೊಳವೆಯಲ್ಲಿ ಇರುವುದು ಡಿಫರೆನ್ಷಿಯಲಿನ ಗೇರ್ ಆಯಿಲ್. ಇವೆರಡರ ನಡುವೆ ಇರುವ ಗಡಿ ಒಳಗಿನ ಒಂದು ಸಣ್ಣ ಆಯಿಲ್ ಸೀಲ್. ಅದು ಸೋತಾಗ ಎಣ್ಣೆ ಗೋಳಕ್ಕೆ ನುಗ್ಗಿ, ಗ್ರೀಸನ್ನು ತೆಳು ಗಂಜಿಯಾಗಿಸಿ, ಹೊರಸೀಲಿನ ಅಂಚಿನಿಂದ ಜಿನುಗಿ, ಕಿಂಗ್‌ಪಿನ್ನಿನ ಬೇರಿಂಗಿನಲ್ಲಿದ್ದ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತದೆ. ಜಿನುಗು ಕಾಣುವುದು ಹೊರಗಾದ್ದರಿಂದ ಬದಲಾಗುವುದು ಹೊರಸೀಲು ಮಾತ್ರ. ಹಳ್ಳ ದಾಟುವಾಗ ನೀರು ಒಳಹೋಗದಂತೆ ನೋಡಿಕೊಳ್ಳಲು ಆ ಸೀಲೂ ಬೇಕಾದದ್ದೇ, ಆದರೆ ಜಿನುಗಿನ ಮೂಲ ಅದಲ್ಲ. ಜಿನುಗಿದ್ದನ್ನು ಬೆರಳಿನಲ್ಲಿ ತಿಕ್ಕಿ, ಅದು ಬಿಸಿಲಿಗೆ ಕರಗಿದ ಗ್ರೀಸೋ ಗೇರ್ ಆಯಿಲ್ ಬೆರೆತದ್ದೋ ಎಂದು ಮೂಸಿ ನೋಡುವ ಅಗ್ಗದ ಪರೀಕ್ಷೆಯೊಂದೇ ಈ ಇಡೀ ಸರಪಳಿಯನ್ನು ಬಯಲಿಗೆಳೆಯಬಲ್ಲದು.

ಇಲ್ಲಿ ಎರಡು ಪಂಥಗಳೊಡನೆ ವಾದಕ್ಕಿಳಿಯದೆ ಗತಿಯಿಲ್ಲ. ಹಳ್ಳಿಯ ಮೇಸ್ತ್ರಿಯ ಕೈಗುಣವನ್ನು ಹಾಡಿಹೊಗಳುವ ಲೇಖಕರದು ಮೊದಲನೆಯದು. ಕಿವಿಗೊಟ್ಟು ಕೇಳಿ ರೋಗ ಹೇಳುವ ಮೇಸ್ತ್ರಿಯ ಎದುರು ಕೈಪಿಡಿ ಹಿಡಿದವನನ್ನು ಪಟ್ಟಣದ ಪೆದ್ದನಂತೆ ನಿಲ್ಲಿಸುವುದು ಇವರ ಬರಹದ ಖಾಯಂ ದೃಶ್ಯ. ಎಂಜಿನ್ನಿನ ಟ್ಯಾಪೆಟ್ ಸದ್ದನ್ನೂ ಬೇರಿಂಗಿನ ಗುರುಗುಟ್ಟುವಿಕೆಯನ್ನೂ ಕಿವಿ ಬೇರ್ಪಡಿಸಬಲ್ಲದೆಂಬುದು ನಿಜ. ಆದರೆ ಕಿಂಗ್‌ಪಿನ್ನಿನ ಬಿಗಿ ಸದ್ದು ಮಾಡುವ ವಸ್ತುವಲ್ಲ, ನಿಂತ ಗಾಡಿಯಲ್ಲಿ ಅದು ಎಷ್ಟಿದೆಯೆಂದು ಯಾವ ಕಿವಿಗೂ ಕೇಳಿಸದು. ಕಿವಿಗೆ ಸಿಗದ ದೋಷವನ್ನು ಕಿವಿಯ ಮಹಿಮೆಯಿಂದ ಬಿಡಿಸಹೊರಟಾಗಲೇ ಮೇಸ್ತ್ರಿ ಡ್ಯಾಂಪರಿಗೆ ಶರಣಾಗುತ್ತಾನೆ, ಆದರೆ ಅವನನ್ನು ಹೊಗಳುವ ಲೇಖನ ಆ ಶರಣಾಗತಿಯ ಹಿಂದಿನ ಪುಟದಲ್ಲಿಯೇ ಮುಗಿದಿರುತ್ತದೆ. ಕೈಪಿಡಿ ಜಪಾನಿನದು, ನಮ್ಮ ರಸ್ತೆಗೆ ಒಗ್ಗದು ಎಂಬ ಇವರ ಇನ್ನೊಂದು ವಾದದಲ್ಲಿ ಇನ್ನೂ ಕಡಿಮೆ ಹುರುಳಿದೆ. ಜಿಪ್ಸಿಯ ಮೂಲ ಸುಜುಕಿಯ ಎಸ್‌ಜೆ410 ಎಂಬುದು ಸರಿಯೇ, ಆದರೆ ಓರೆ ಉರುಳೆಯ ಬೇರಿಂಗಿಗೆ ಬೇಕಾದ ಬಿಗಿ ದೇಶಕ್ಕೊಂದು ಬಗೆಯಾಗಿ ಬದಲಾಗುವುದಿಲ್ಲ. ಕೆಟ್ಟ ರಸ್ತೆಯಿಂದ ಬದಲಾಗುವುದೆಂದರೆ ಅದನ್ನು ಎಷ್ಟು ಬೇಗ ಮತ್ತೆ ಅಳೆಯಬೇಕು ಎಂಬುದು. ಈ ಲೇಖಕರ ವಾದವನ್ನು ಒಪ್ಪಿಕೊಂಡರೆ ಕೈಪಿಡಿ ಹೆಚ್ಚು ಸಲ ತೆರೆಯಬೇಕಾದ ಪುಸ್ತಕವಾಗುತ್ತದೆ!

ಗಾಡಿಯನ್ನು ಎತ್ತರಿಸುವವರದು ಎರಡನೆಯ ಪಂಥ. ದೊಡ್ಡ ಟೈರು ಹಿಡಿಸಲೆಂದು ಲೀಫ್ ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಎಂಬ ತುಂಡುಗಳನ್ನು ಉದ್ದಮಾಡುವುದು ಇವರ ಅಗ್ಗದ ಉಪಾಯ. ಜಿಪ್ಸಿಯಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂತುದಿಯಲ್ಲಿರುವುದರಿಂದ, ಅದು ಉದ್ದವಾದಷ್ಟೂ ಆಕ್ಸಲ್ ಮುಂದಕ್ಕೆ ಬಾಗಿ, ಕಿಂಗ್‌ಪಿನ್ನಿನ ರೇಖೆ ಹಿಂದಕ್ಕೆ ಒರಗಿರಬೇಕಾದ ಕೋನ, ಎಂದರೆ ಬಿಟ್ಟ ಸ್ಟಿಯರಿಂಗನ್ನು ತಾನಾಗಿ ನೇರಕ್ಕೆ ತರುವ ಕ್ಯಾಸ್ಟರ್, ತಗ್ಗುತ್ತದೆ. ಭಾರದ ಟೈರು, ತಗ್ಗಿದ ಕ್ಯಾಸ್ಟರ್, ಹಳೆಯ ಬೇರಿಂಗ್ ಮೂರೂ ಕೂಡಿದ ಗಾಡಿ ನಡುಗಿದಾಗ, ಗಟ್ಟಿ ಆಕ್ಸಲಿನ ಗಾಡಿಗಳ ಹಣೆಬರಹವೇ ಇಷ್ಟು ಎಂದು ತೀರ್ಪು ಕೊಟ್ಟು ಎರಡು ಡ್ಯಾಂಪರ್ ಕೂರಿಸುವ ಇವರು, ತಾವೇ ಬಿತ್ತಿದ್ದನ್ನು ವಾಹನದ ಜಾತಿಗುಣವೆಂದು ಸಾರುತ್ತಾರೆ. ಕಾರ್ಖಾನೆಯಿಂದ ಹೊಸದಾಗಿ ಹೊರಬಂದ ಜಿಪ್ಸಿಗೂ ಇದ್ದದ್ದು ಅದೇ ಗಟ್ಟಿ ಆಕ್ಸಲ್ ಎಂಬುದನ್ನು ಈ ತೀರ್ಪು ಮರೆಯುತ್ತದೆ.

ಇದೇ ತಪ್ಪು ಗಾಡಿಯ ನಡುಭಾಗದಲ್ಲಿಯೂ ಪುನರಾವರ್ತನೆಯಾಗುತ್ತದೆ, ಅಲ್ಲಿ ಹೆಚ್ಚು ತಡೆಯುವ ಅಗತ್ಯವಿಲ್ಲ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ, ಗಿಡ್ಡ ಪ್ರೊಪೆಲ್ಲರ್ ಶಾಫ್ಟೊಂದರ ಮೂಲಕ ಬಲ ಪಡೆಯುತ್ತ, ರಬ್ಬರ್ ಮೌಂಟುಗಳ ಮೇಲೆ ಚಾಸಿಯಿಂದ ಪ್ರತ್ಯೇಕವಾಗಿ ತೂಗುತ್ತದೆ. ಆ ರಬ್ಬರು ಹರಿದಾಗ ಇಡೀ ಪೆಟ್ಟಿಗೆ ಭಾರದ ಕೆಳಗೆ ಹೊರಳಿ, ಶಾಫ್ಟಿನ ಕೋನ ಕೆಟ್ಟು ಗಾಡಿ ಅದುರಬಹುದು, ಏರಿನಲ್ಲಿ ಗೇರು ತಾನಾಗಿ ಕಳಚಬಹುದು. ಆಗ ಮೊದಲು ಶಾಫ್ಟಿನ ಜಾಯಿಂಟುಗಳು, ನಂತರ ಪೆಟ್ಟಿಗೆಯ ಒಳಗಿನ ಗೇರುಗಳು ಬದಲಾಗುತ್ತವೆ. ಕಬ್ಬಿಣದ ಸಲಾಕೆಯಿಂದ ಪೆಟ್ಟಿಗೆಯನ್ನು ಮೀಟಿ ಎಷ್ಟು ಅಲ್ಲಾಡುತ್ತದೆಂದು ನೋಡುವ ಕೆಲಸ ಕೊನೆಗೆ ಉಳಿಯುತ್ತದೆ.

ಪದ್ಧತಿಯ ಪರವಾಗಿ ಹೇಳಬೇಕಾದದ್ದೂ ಇದೆ. ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆದುಕೊಡುವ, ತುಕ್ಕು ತಿಂದ ಚಾಸಿಗೆ ತಗಡು ಬೆಸೆಯುವ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ಹುಡುಕಾಡಿ ಕೈಬಿಟ್ಟುಹೋದ ಭಾಗವನ್ನು ತರಿಸಿಕೊಡುವ ಕೌಶಲವಿಲ್ಲದಿದ್ದರೆ ಅರ್ಧಕ್ಕರ್ಧ ಜಿಪ್ಸಿಗಳು ಎಂದೋ ಮೂಲೆಗೆ ಸೇರುತ್ತಿದ್ದವು. ಆದರೆ ಇವೆಲ್ಲ ಏನು ಕೆಟ್ಟಿದೆಯೆಂದು ಗೊತ್ತಾದ ಮೇಲಿನ ಕೌಶಲಗಳು. ಗೊತ್ತುಮಾಡಿಕೊಳ್ಳುವ ಕೌಶಲ ಬೆಳೆಯದಿರುವುದಕ್ಕೆ ಮೆಕ್ಯಾನಿಕನೊಬ್ಬನನ್ನೇ ದೂರಿ ಫಲವಿಲ್ಲ. ಗ್ಯಾರೇಜಿನ ಬಿಲ್ಲಿನಲ್ಲಿ ಬಿಡಿಭಾಗಕ್ಕೊಂದು ಸಾಲಿರುತ್ತದೆ, ಅದನ್ನು ಕೂರಿಸಿದ ಮಜೂರಿಗೊಂದು ಸಾಲಿರುತ್ತದೆ. ಅರ್ಧ ದಿನ ತಕ್ಕಡಿ ಹಿಡಿದು ಅಳೆದು, ಎಡಚಕ್ರದ ಕೆಳ ಬೇರಿಂಗೂ ಒಳಸೀಲೂ ಮಾತ್ರ ಹೋಗಿವೆ, ಉಳಿದದ್ದೆಲ್ಲ ಸರಿಯಾಗಿದೆ ಎಂದು ಹೇಳಿದವನಿಗೆ ಆ ಅರ್ಧ ದಿನದ ಸಂಬಳ ಕೊಡಲು ಒಪ್ಪುವ ಗಿರಾಕಿ ಅಪರೂಪ. ಹೊಸ ಡ್ಯಾಂಪರಿನ ಬೆಲೆಯನ್ನಾದರೆ ಅದೇ ಗಿರಾಕಿ ಚೌಕಾಸಿಯಿಲ್ಲದೆ ಕೊಟ್ಟು ಹೋಗುತ್ತಾನೆ.