ಗೋಗಿಯ ಗೋರಿಗಳೂ ನವಲಗುಂದದ ಜಮಖಾನವೂ

ಶಹಾಪುರ ತಾಲೂಕಿನ ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಆವರಣದಲ್ಲಿ, ಆದಿಲಶಾಹಿಯ ಮೊದಲ ದೊರೆಗಳು ಮಣ್ಣಾಗಿದ್ದಾರೆ. ಯೂಸುಫ್ (ಮರಣ 1510), ಇಸ್ಮಾಯಿಲ್ (1534), ಮೊದಲನೆಯ ಇಬ್ರಾಹಿಂ (1558) ಇವರ ಸಮಾಧಿಗಳಲ್ಲಿ ಗೋಲಗುಂಬಜದ ವೈಭವವಿಲ್ಲ. ಈ ಅರಸುಮನೆತನದ ಚರಿತ್ರೆಯನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಕಲ್ಲಿನಿಂದಲೇ ಓದಿದ್ದಾರೆ. ಆ ಕಟ್ಟಡಗಳ ನೆಲದ ಮೇಲೆ ಹಾಸಿದ್ದುದೇನು ಎಂದು ಕೇಳಿದವರು ವಿರಳ. ನೂಲು ಕಲ್ಲಿನಂತೆ ಬಾಳುವುದಿಲ್ಲವಷ್ಟೆ.

ತಮ್ಮ ಹಿರಿಯರು ವಿಜಾಪುರದಿಂದ ವಲಸೆ ಬಂದವರೆಂದು ಹೇಳಿಕೊಳ್ಳುವ ಕೆಲವು ಮುಸಲ್ಮಾನ ಮನೆತನಗಳು ಧಾರವಾಡ ಜಿಲ್ಲೆಯ ನವಲಗುಂದದಲ್ಲಿವೆ. ಅಲ್ಲಿ ಹೆಂಗಸರು ನೇಯುವ ಹತ್ತಿಯ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಅದರ ರೇಖೆಗಳು ಏಕೆ ಅಷ್ಟು ನೇರ, ಅಷ್ಟು ಕೋನಮಯ ಎಂಬುದಕ್ಕೆ ಸುಲಭವಾಗಿ ಹೊಳೆಯುವ ಉತ್ತರಗಳು ಎರಡು: ವಿಜಾಪುರದ ಕಟ್ಟಡಗಳ ಅನುಕರಣೆಯೆಂಬುದು ಒಂದು, ಜೀವಿಗಳ ಚಿತ್ರಣಕ್ಕೆ ಇಸ್ಲಾಮಿನಲ್ಲಿರುವ ನಿಷೇಧವೆಂಬುದು ಮತ್ತೊಂದು. ಎರಡೂ ನಿಲ್ಲುವಂತಹವಲ್ಲವೆಂದು ನಮ್ಮ ಅಭಿಪ್ರಾಯ.

ನಿಷೇಧದ ಮಾತು ನಮಾಜಿನ ಹಾಸಿಗೆಗೆ ಸಲ್ಲಬಹುದು. ಆದರೆ ಜಮಖಾನದಲ್ಲಿ ನವಿಲುಗಳು ಧಾರಾಳವಾಗಿವೆ, ನಡುವೆ ಪಗಡೆಯ ಹಾಸೂ ಉಂಟು. ವಿಚಾರಿಸಬೇಕಾದುದು ನೇಯ್ಗೆಯ ಕ್ರಮವನ್ನು. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಬಣ್ಣಬಣ್ಣದ ಹೊಕ್ಕನ್ನು ಕೈಯಿಂದಲೇ ತೂರಿಸಿ, ಹಣಿಗೆಯಿಂದ ಬಿಗಿಯಾಗಿ ಬಡಿಯುತ್ತಾರೆ. ಹಾಸು ಸಂಪೂರ್ಣವಾಗಿ ಮುಚ್ಚಿಹೋಗುವುದರಿಂದ ಚಿತ್ರವೆಲ್ಲವೂ ಹೊಕ್ಕಿನದೇ ಆಗುತ್ತದೆ. ಒಂದು ಬಣ್ಣ ಮುಗಿದು ಇನ್ನೊಂದು ಮೊದಲಾಗುವ ಜಾಗವನ್ನು ಎಳೆಗಳನ್ನೆಣಿಸಿ ಸರಿಸುತ್ತ ಹೋಗಬೇಕು. ಆದುದರಿಂದ ಬಾಗಬೇಕಾದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನವಿಲಿನ ಕೊರಳು ಸಹ ಹೀಗೆಯೇ ಹುಟ್ಟಿದುದು.

ಮೆಕ್ಸಿಕೋದ ವಾಹಾಕಾ ಪ್ರಾಂತದಲ್ಲಿ ಜಪೊಟೆಕ್ ಜನರ ತೆಯೊತಿತ್ಲಾನ್ ಎಂಬ ಗ್ರಾಮವು ಉಣ್ಣೆಯ ನೆಲಹಾಸುಗಳಿಗೆ ಹೆಸರಾದುದು. ಅಲ್ಲಿಯ ಮಗ್ಗ ಬೇರೆ: ಸ್ಪೇನಿನವರು ತಂದ ಕಾಲುಮಣೆಯ ಮಗ್ಗ. ನೂಲು ಬೇರೆ, ಕೆಂಪು ಬಣ್ಣವೂ ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟದಿಂದ ತೆಗೆದುದು. ಆದರೂ ಅಲ್ಲಿ ಹೊಕ್ಕು ಹಾಸನ್ನು ಮುಚ್ಚುತ್ತದೆ, ಗೆರೆ ಮೆಟ್ಟಿಲಾಗುತ್ತದೆ. ಆ ಮೆಟ್ಟಿಲ ಅಲಂಕಾರವನ್ನು ಸಮೀಪದ ಮಿತ್ಲಾದ ಪ್ರಾಚೀನ ಗೋಡೆಗಳ ಕಲ್ಲುಕೆಲಸದೊಡನೆ ಹೋಲಿಸುವುದು ವಾಡಿಕೆ. ಹೋಲಿಕೆ ನಿಜ. ಆದರೆ ಕಲ್ಲು ನೂಲಿಗೆ ಕಲಿಸಿತೋ, ನೂಲು ಕಲ್ಲಿಗೆ ಕಲಿಸಿತೋ? ಹೋಲಿಕೆಯೊಂದರಿಂದಲೇ ಇದನ್ನು ನಿರ್ಣಯಿಸಲಾಗದು. ವಿಜಾಪುರದ ವಿಷಯದಲ್ಲಿಯೂ ಇದೇ ಎಚ್ಚರ ಅವಶ್ಯ.

ಅನುಕರಣೆಯೆಂದು ತೀರ್ಮಾನಿಸಿಬಿಟ್ಟರೆ ಆಗುವ ನಷ್ಟ ಚಿಕ್ಕದಲ್ಲ: ನೇಯುವವಳು ಕೇವಲ ನಕಲುಗಾರ್ತಿಯಾಗಿಬಿಡುತ್ತಾಳೆ. ಈ ವಿದ್ಯೆಯನ್ನು ಬೇರೆ ಮನೆಗೆ ಹೋಗುವ ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರೆಂಬ ಮಾತುಂಟು. ಬಚ್ಚಿಡಲು ಅಲ್ಲಿ ಏನೋ ಇದ್ದಿರಬೇಕಲ್ಲವೆ? ಅದು ಮಾದರಿಯ ಚಿತ್ರವಲ್ಲ, ಚಿತ್ರವನ್ನು ಯಾರಾದರೂ ನೋಡಿ ಬರೆದುಕೊಳ್ಳಬಹುದು. ಅದು ಎಳೆಗಳ ಎಣಿಕೆ. ನೇಯುವವರು ಈಗ ಕೆಲವೇ ಮಂದಿ ಉಳಿದಿದ್ದಾರೆ. ಜಮಖಾನಗಳ ಛಾಯಾಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ನವಿಲಿನ ಕೊರಳಿಗೆ ಎಷ್ಟು ಎಳೆ ಹಿಡಿದು ಎಷ್ಟು ಬಿಡಬೇಕೆಂಬುದನ್ನು ಮಗ್ಗದ ಬಳಿ ಕುಳಿತು, ಅವರ ಬಾಯಿಂದ ಕೇಳಿ, ಸಾಲುಸಾಲಾಗಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬೇಕಾಗಿದೆ.