ಗ್ರೂಪಲ್ಲಿ ಹಾಕಿದೀವಲ್ಲ!

ಹೋದ ಮಳೆಗಾಲದ ಒಂದು ಸಂಜೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಂದಿನಂತೆ ಬೇರು ಬಿಟ್ಟು ನಿಂತಿದ್ದಾಗ ಊರಿಂದ ಅಕ್ಕನ ಫೋನ್ ಬಂತು. ಊಟ ಆಯ್ತಾ, ಕಾಫಿ ಆಯ್ತಾ ಏನೂ ಇಲ್ಲ, ನೇರ ಪ್ರಶ್ನೆ.

"ಲೋ, ನೀನು ಬಿಇ ಓದಿದೀಯಲ್ಲ, ಒಂದು ಹೇಳು. ವಾಟ್ಸಾಪಲ್ಲಿ ಎರಡು ನೀಲಿ ಗೀಟು ಬಂದ್ರೆ ನಾವು ಓದಿದೀವಿ ಅಂತಾನೇ ಅರ್ಥನಾ?"

"ಹೂಂ ಕಣಕ್ಕಾ, ಹಂಗೇ. ಯಾಕೆ?"

"ಹಂಗಾದ್ರೆ ತಪ್ಪು ನಮ್ದೇ ಬಿಡು," ಅಂದವಳೇ ಫೋನ್ ಇಟ್ಟುಬಿಟ್ಟಳು.

ನಮ್ಮಕ್ಕ ಅಷ್ಟು ಸುಲಭಕ್ಕೆ ತಪ್ಪು ಒಪ್ಪುವವಳಲ್ಲ. ಸೊಸೈಟಿಯಲ್ಲಿ ಅಕ್ಕಿ ಕಾಲು ಕೆಜಿ ಕಡಿಮೆ ತೂಗಿದರೆ ಊರಿಗೆಲ್ಲ ಕೇಳೋ ಹಾಗೆ ಜಗಳ ಆಡುವವಳು. ಅವಳು ಎರಡು ನೀಲಿ ಗೀಟಿನ ಮುಂದೆ ಸೋತದ್ದು ನನಗೆ ಯಾಕೋ ಸರಿ ಕಾಣಲಿಲ್ಲ. ಮನೆಗೆ ಬಂದು ಮತ್ತೆ ಫೋನ್ ಮಾಡಿದೆ. ಆಗ ಗೊತ್ತಾದ ವಿಷಯ ಇದು.

ಅಕ್ಕನ ಮಗಳು ಸಕಲೇಶಪುರದ ಒಳಗಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು. ಓದೋದರಲ್ಲಿ ಚುರುಕು. ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಅಂತ ಕೇಂದ್ರ ಸರ್ಕಾರದ ಒಂದು ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದೋ, ಮನೆಯ ಆದಾಯ ಕಡಿಮೆ ಇರೋ ಮಕ್ಕಳಿಗೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ನಿಮಗೂ ನನಗೂ ಅದು ಒಂದು ಫೋನಿನ ದುಡ್ಡು. ಅಕ್ಕನ ಮನೆಯಲ್ಲಿ ಮಾತ್ರ ಹುಡುಗಿ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದ್ತಾಳೋ, ಇಲ್ಲ ಹತ್ತಿರ ಸಿಕ್ಕಿದ್ದನ್ನ ಓದ್ತಾಳೋ ಅನ್ನೋದು ಅದರಿಂದಲೇ ತೀರ್ಮಾನ ಆಗುತ್ತೆ.

ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕು, ಶುಕ್ರವಾರದೊಳಗೆ ತಂದುಕೊಡಿ ಅಂತ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮಂಗಳವಾರ ಮೆಸೇಜ್ ಬಂದಿದೆ. ಗ್ರೂಪಿನಲ್ಲಿರೋದು ಭಾವನ ನಂಬರು. ಭಾವ ಕ್ಯಾಂಟರ್ ಓಡಿಸ್ತಾರೆ. ಅವತ್ತು ಶುಂಠಿ ಲೋಡ್ ಹೊತ್ತು ಬೆಂಗಳೂರಿಗೆ ಬಂದಿದ್ದರು. ಆ ಮೆಸೇಜ್ ಹಿಂದೆಯೇ ಪ್ರತಿಭಾ ಕಾರಂಜಿಯ 22 ಫೋಟೊ ಬಂದವು. ಭಾವ ಯಶವಂತಪುರದಲ್ಲಿ ಗಾಡಿ ನಿಲ್ಲಿಸಿಕೊಂಡು, ಮಗಳು ಎಲ್ಲಾದರೂ ಕಾಣ್ತಾಳಾ ಅಂತ ಒಂದೊಂದೇ ಫೋಟೊ ದೊಡ್ಡದು ಮಾಡಿ ನೋಡಿದ್ದಾರೆ. ಮೂರನೇ ಸಾಲಿನಲ್ಲಿ ನಿಂತಿದ್ದಳಂತೆ. ಖುಷಿಯಾಗಿ ಫೋನ್ ಜೇಬಿಗಿಟ್ಟಿದ್ದಾರೆ. ಮೇಲಿದ್ದ ಮೆಸೇಜಿಗೂ ನೀಲಿ ಗೀಟು ಬಿತ್ತು.

ಭಾವ ಮನೆಗೆ ಬಂದದ್ದು ಶನಿವಾರ. ಸೋಮವಾರ ಅಕ್ಕ ಶಾಲೆಗೆ ಹೋದಳು. "ಗ್ರೂಪಲ್ಲಿ ಹಾಕಿದೀವಲ್ಲಮ್ಮ" ಅಂದರು. "ನಾವು ನೋಡಿಲ್ಲ ಮಿಸ್" ಅಂದಳು. ಮಿಸ್ಸು ಮೆಸೇಜನ್ನ ಒತ್ತಿ ಹಿಡಿದು ತೋರಿಸಿದರು. ಓದಿದವರ ಪಟ್ಟಿಯಲ್ಲಿ ಭಾವನ ನಂಬರು, ಪಕ್ಕದಲ್ಲಿ ಟೈಮು. ಅಕ್ಕ ಸುಮ್ಮನೆ ವಾಪಸ್ ಬಂದಳು. ಈ ಪರೀಕ್ಷೆ ಎಂಟನೇ ಕ್ಲಾಸಿನಲ್ಲಿ ಮಾತ್ರ. ಮುಂದಿನ ವರ್ಷ ನೋಡೋಣ ಅನ್ನೋ ಹಾಗೂ ಇಲ್ಲ.

ನಾನು ಸಾಫ್ಟ್‌ವೇರಿನವನು. ಇಂಥ ನೋಟಿಫಿಕೇಶನ್ ಕಳಿಸೋ ಸಿಸ್ಟಮ್ಮುಗಳಲ್ಲೇ ಕೆಲಸ ಮಾಡಿ ಸಂಬಳ ತಗೊಂಡವನು. ನಮ್ಮ ಡ್ಯಾಶ್‌ಬೋರ್ಡಿನಲ್ಲಿ 'ಡೆಲಿವರ್ಡ್' ಅಂತ ಹಸಿರು ಬಣ್ಣ ಬಂದರೆ ಮುಗೀತು, ಎದ್ದು ಕಾಫಿಗೆ ಹೋಗ್ತೀವಿ. ಯಾರ ಕೈಯಲ್ಲಿರೋ ಫೋನಿಗೆ ತಲುಪಿತು, ಅವರಿಗೆ ಏನು ಅರ್ಥ ಆಯ್ತು ಅಂತ ನಾನಂತೂ ಒಂದು ದಿನವೂ ಕೇಳಿದವನಲ್ಲ. ಹಾಗಾಗಿ ಮಿಸ್ಸಿನ ಮೇಲೆ ಕೂಗಾಡೋ ಯೋಗ್ಯತೆ ನನಗಿಲ್ಲ. ಆದರೆ ಅಕ್ಕನಿಗೆ ನಾನು ಕೊಟ್ಟ ಉತ್ತರ ತಪ್ಪು ಅನ್ನೋದು ಮಾತ್ರ ಅವತ್ತು ರಾತ್ರಿಯೇ ಹೊಳೆಯಿತು.

ಯಾಕೆ ಅಂದರೆ, ಇಂಟರ್ನೆಟ್ಟಿನ ತಳಪಾಯದಲ್ಲಿ ಟಿಸಿಪಿ ಅಂತ ಒಂದು ನಿಯಮ ಇದೆ. ಕಂಪ್ಯೂಟರ್ ಸೈನ್ಸ್ ಓದಿದವರೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀವಿ. ಕಳಿಸಿದ ಯಂತ್ರ ಆ ಕಡೆಯಿಂದ 'ಬಂತು' ಅನ್ನೋ ಉತ್ತರಕ್ಕೆ ಕಾಯುತ್ತೆ. ಉತ್ತರ ಬರಲಿಲ್ಲವೋ, ಮತ್ತೆ ಕಳಿಸುತ್ತೆ. ಗಮನಿಸಿ, ಕಾಯೋ ಕೆಲಸ, ಮತ್ತೆ ಕಳಿಸೋ ಕೆಲಸ ಎರಡೂ ಕಳಿಸಿದವನದ್ದು. ಈಸ್ಕೊಳ್ಳೋನು "ನಂಗೆ ಏನೋ ಬರಬೇಕಿತ್ತಲ್ಲ" ಅಂತ ಹುಡುಕ್ಕೊಂಡು ಅಲೆಯೋ ಹಾಗಿಲ್ಲ. ಎರಡು ಯಂತ್ರಗಳ ನಡುವೆ ಇಷ್ಟು ಮರ್ಯಾದೆ ಇದೆ. ಶಾಲೆ ಮತ್ತು ಮನೆಯ ನಡುವೆ ವಾಟ್ಸಾಪ್ ಬಂದ ಮೇಲೆ ಇದು ಉಲ್ಟಾ ಆಯ್ತು. ಹಾಕೋದು ಶಾಲೆಯ ಕೆಲಸ, ಹುಡುಕೋದು ಮನೆಯವರ ಕೆಲಸ. ಸಿಗದಿದ್ದರೆ ತಪ್ಪೂ ಮನೆಯವರದ್ದೇ.

ವಾಟ್ಸಾಪಿನಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳ್ತಿಲ್ಲ. ನಮ್ಮ ಕಡೆ ಜುಲೈ ಮಳೆಯಲ್ಲಿ ಡಿಸಿ ಬೆಳಿಗ್ಗೆ ಎದ್ದು ರಜೆ ಕೊಟ್ಟರೆ ಮಕ್ಕಳು ಮನೆಯಿಂದ ಹೊರಡೋ ಮುಂಚೆ ಗೊತ್ತಾಗುತ್ತೆ. ನಮ್ಮ ಕಾಲದಲ್ಲಿ ನಾವು ಹಳ್ಳ ದಾಟಿ, ಅರ್ಧ ನೆಂದು ಶಾಲೆಗೆ ಹೋಗಿ, ಬೀಗ ನೋಡಿ ವಾಪಸ್ ಬರ್ತಿದ್ವಿ. ಎಲ್ಲರಿಗೂ ಒಂದೇ ಸಲ ಹೇಳಬೇಕಾದ, ಯಾರೂ ಉತ್ತರ ಕೊಡಬೇಕಿಲ್ಲದ ಮಾತಿಗೆ ಗ್ರೂಪ್ ಹೇಳಿ ಮಾಡಿಸಿದ್ದು. ಆದರೆ ಸ್ಕಾಲರ್‌ಶಿಪ್ ಅಂಥ ಮಾತಲ್ಲ. ಅದಕ್ಕೆ ಮನೆಯವರು ನಾಡಕಚೇರಿಗೆ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು, ಯಾವ ಕಾಗದ ಅಂತ ಕೇಳಿ ತಿಳಿಯಬೇಕು. ಕೇಳೋದು ಎಲ್ಲಿ? ಆ ಗ್ರೂಪಿನಲ್ಲಿ ಅಡ್ಮಿನ್ನುಗಳು ಮಾತ್ರ ಬರೆಯಬಹುದು. ವಾಟ್ಸಾಪ್ ಈ ಸೌಲಭ್ಯ ಕೊಟ್ಟದ್ದು 2018ರಲ್ಲಿ. ಗುಡ್ ಮಾರ್ನಿಂಗ್ ಗುಲಾಬಿ, ಎಲೆಕ್ಷನ್ ಜಗಳ ತಡೆಯಲಾರದೆ ಶಾಲೆಯವರೂ ಬಾಗಿಲು ಹಾಕಿದರು. ಗುಲಾಬಿಗಳ ಜೊತೆ "ಯಾವ ಸರ್ಟಿಫಿಕೇಟು ಮಿಸ್?" ಅನ್ನೋ ಪ್ರಶ್ನೆಯೂ ಹೊರಗೆ ಉಳೀತು.

ಆಮೇಲೆ ಆ ಫೋನ್ ಯಾರದ್ದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸೋ ಮೊಬೈಲ್ ಇದ್ದದ್ದು ಶೇ 54 ಮಂದಿಗೆ. ಅಂದರೆ ಮಕ್ಕಳ ಓದು ನೋಡೋದು ಅಮ್ಮ, ಮೆಸೇಜ್ ಹೋಗೋದು ಅಪ್ಪನ ಜೇಬಿಗೆ. ಅಕ್ಕನ ಹತ್ತಿರ ಇರೋದು ಬಟನ್ ಫೋನು. ಇಲಾಖೆಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. 2020ರಲ್ಲಿ ಕೋವಿಡ್ಡಿಗೆ ಶಾಲೆ ಮುಚ್ಚಿದಾಗ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಶುರು ಮಾಡಿದರಲ್ಲ, ಆಗ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಮನೆಯಲ್ಲಿ ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನ್ ಇರೋರು, ಸ್ಮಾರ್ಟ್‌ಫೋನ್ ಇರೋರು. ಫೋನ್ ಇಲ್ಲದವರನ್ನು ಹುಡುಕಿಕೊಂಡು ಮೇಷ್ಟ್ರುಗಳು ಊರೂರಿಗೆ ಹೋದರು. ಶಾಲೆ ತೆರೆದ ಮೇಲೆ ಆ ಮೂರು ಗುಂಪು ಸೇರಿ ಒಂದೇ ವಾಟ್ಸಾಪ್ ಗ್ರೂಪ್ ಆಯ್ತು.

ಮುಂದಿನ ವಾರ ಊರಿಗೆ ಹೋದಾಗ ಶಾಲೆಗೂ ಹೋದೆ. ಮಿಸ್ಸು ನನಗಿಂತ ಚಿಕ್ಕವರು, ಒಳ್ಳೆಯವರು. ಅವರ ಫೋನಿನಲ್ಲಿ ಕ್ಲಸ್ಟರ್ ಗ್ರೂಪು, ಬಿಇಒ ಆಫೀಸ್ ಗ್ರೂಪು, ಬಿಸಿಯೂಟದ ಗ್ರೂಪು, ಒಂದರ ಮೇಲೊಂದು ಕೂಗ್ತಾನೇ ಇದ್ದವು. ಎಲ್ಲದರಲ್ಲೂ 'ತುರ್ತು'. ಮೇಲಿಂದ ಬಂದ ಸುತ್ತೋಲೆಯ ಪಿಡಿಎಫ್ಫನ್ನು ಅವರು ಕೆಳಗೆ ಫಾರ್ವರ್ಡ್ ಮಾಡಿದ್ದರು, ವಿಷಯ, ಉಲ್ಲೇಖ ಎಲ್ಲ ಸಮೇತ.

"ನಂಗೂ ಗೊತ್ತು ಸರ್," ಅಂದರು. "ಮುಂಚೆ ಮಕ್ಕಳ ಕೈಯಲ್ಲಿ ಚೀಟಿ ಕಳಿಸ್ತಿದ್ದೆ, ಅಪ್ಪ ಅಮ್ಮನ ಸೈನ್ ಹಾಕಿಸ್ಕೊಂಡು ಬರೋಕೆ ಹೇಳ್ತಿದ್ದೆ. ಗ್ರೂಪ್ ಆದ್ಮೇಲೆ ಅದು ನಿಂತೋಯ್ತು. ನಾಳೆ ಯಾರಾದ್ರೂ ಯಾಕೆ ತಿಳಿಸಿಲ್ಲ ಅಂದ್ರೆ ನನ್ನತ್ರಾನೂ ಏನಾದ್ರೂ ಇರ್ಬೇಕಲ್ಲ ಸರ್?"

ಆ ಕೊನೆಯ ಮಾತೇ ಎಲ್ಲದಕ್ಕೂ ಉತ್ತರ. ಗ್ರೂಪು ತಿಳಿಸೋದಕ್ಕಿಂತ ಹೆಚ್ಚಾಗಿ, ತಿಳಿಸಿದ್ದೀವಿ ಅಂತ ತೋರಿಸೋಕೆ ಬಳಕೆ ಆಗ್ತಿದೆ. ಇಲಾಖೆ ಶಾಲೆಗೆ ತೋರಿಸುತ್ತೆ, ಶಾಲೆ ಅಕ್ಕನಿಗೆ ತೋರಿಸುತ್ತೆ. ಅಕ್ಕನ ಕೆಳಗೆ ತೋರಿಸೋಕೆ ಯಾರೂ ಇಲ್ಲ. ಕಾನೂನು ಬೇರೆಯೇ ಹೇಳುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ, ಬೇರೆ ಮುಖ್ಯ ಸಂಗತಿಗಳನ್ನು ತಿಳಿಸಬೇಕು ಅಂತ ಮೇಷ್ಟ್ರಿಗೆ ಹೇಳಿದೆ. ಸಭೆ ಅಂದರೆ ಎದುರುಬದುರು ಕೂತು ಆಡೋ ಮಾತು. ಅಲ್ಲಿ ಕೇಳೋನಿಗೂ ಬಾಯಿ ಇರುತ್ತೆ.

ಇದು ಹಳ್ಳಿಯ ಕಥೆ, ನಮಗೆ ಅನ್ವಯ ಆಗಲ್ಲ ಅಂದುಕೊಳ್ಳಬೇಡಿ. ಬೆಂಗಳೂರಲ್ಲಿ ನನ್ನ ಮಗಳು ಯುಕೆಜಿ. ಅವಳ ಸ್ಕೂಲಿಗೆ ವಾಟ್ಸಾಪ್ ಸಾಲದು, ಸ್ವಂತ ಆ್ಯಪ್ ಇದೆ. ದಿನಾ ಮಧ್ಯಾಹ್ನ 'ಲಂಚ್' ಅಂತ ಬರೆದು ಪಕ್ಕದಲ್ಲಿ ಟಿಕ್ ಬರುತ್ತೆ. ನಾನು ಮೀಟಿಂಗಿನಲ್ಲಿ ಕೂತು ಅದನ್ನ ನೋಡಿ, ಒಳ್ಳೆಯ ಅಪ್ಪ ಅಂತ ಬೆನ್ನು ತಟ್ಟಿಕೊಳ್ತಿದ್ದೆ. ಒಂದು ದಿನ ಗೇಟಿನ ಹತ್ತಿರ ಆಯಮ್ಮ ಸಿಕ್ಕಿ, "ಸಾರ್, ಪಾಪು ಚಪಾತಿ ಹಾಕಿದ್ ದಿನ ತಿನ್ನೋದೇ ಇಲ್ಲ, ಪಕ್ಕದ ಮಗೂಗೆ ಕೊಟ್ಬಿಡ್ತಾಳೆ, ಅನ್ನ ಹಾಕಿ ಕಳ್ಸಿ" ಅಂದರು. ಆ್ಯಪ್ ಮೂರು ತಿಂಗಳಲ್ಲಿ ಹೇಳದ್ದನ್ನ ಆಯಮ್ಮ ಅರ್ಧ ನಿಮಿಷದಲ್ಲಿ ಹೇಳಿದರು. ಅವರಿಗೆ ಆ್ಯಪಿನಲ್ಲಿ ಲಾಗಿನ್ ಇಲ್ಲ.

ಹಾಗಂತ ಹಳೇ ಕಾಲವೇ ಚೆಂದ ಅಂತ ಹಾಡೋಕೂ ನನಗೆ ಮನಸ್ಸಿಲ್ಲ. ನಮ್ಮ ಮೇಷ್ಟ್ರು ಸೈಕಲ್ ನಿಲ್ಲಿಸಿ, ಜಗಲಿ ಮೇಲಿದ್ದ ಅಮ್ಮನಿಗೆ, "ಹುಡುಗ ಬೋರ್ಡಿನ ಹತ್ರ ಬಂದು ಓದ್ತಾನೆ, ಕಣ್ಣು ತೋರಿಸಿ" ಅಂದಿದ್ದಕ್ಕೇ ನನಗೆ ಕನ್ನಡಕ ಬಂತು. ಓದು ಬರದ ಅಮ್ಮ ಹತ್ತು ಪ್ರಶ್ನೆ ಕೇಳಿದ್ದಳು, ಹತ್ತಕ್ಕೂ ಉತ್ತರ ಸಿಕ್ಕಿತ್ತು. ಆದರೆ ಆ ಸೈಕಲ್ಲು ಕೆಳಗಿನ ಕೇರಿಯ ಕಡೆ ತಿರುಗಿದ್ದು ನಾನು ನೋಡಿಲ್ಲ. ಆ ಕೇರಿಯ ನನ್ನ ಕ್ಲಾಸಿನ ಹುಡುಗರಲ್ಲಿ ಎಷ್ಟು ಜನಕ್ಕೆ ಬೋರ್ಡ್ ಕಾಣ್ತಿತ್ತೋ ಯಾರೂ ಕೇಳಲಿಲ್ಲ. ಗ್ರೂಪಿನ ಮೆಸೇಜು ಜಾತಿ ನೋಡದೆ ಎಲ್ಲರಿಗೂ ಹೋಗುತ್ತೆ ಅನ್ನೋದು ಸಣ್ಣ ಮಾತಲ್ಲ. ಅದಕ್ಕೇ ನಂಗೆ ಹೆಚ್ಚು ಸಂಕಟ. ಎಲ್ಲರನ್ನೂ ಮುಟ್ಟಬಹುದಾದ ಸಾಧನ ಸಿಕ್ಕಿದೆ. ಅದನ್ನ ಮುಟ್ಟೋದಕ್ಕೆ ಬಳಸದೆ ರುಜುವಾತಿಗೆ ಬಳಸ್ತಿದೀವಿ.

ಪರಿಹಾರಕ್ಕೆ ಹೊಸ ಆ್ಯಪ್ ಬೇಡ, ದಯವಿಟ್ಟು ಯಾರೂ ಸ್ಟಾರ್ಟಪ್ ಮಾಡಬೇಡಿ. ಆ ಕ್ಲಾಸಿನಲ್ಲಿರೋದು 28 ಮಕ್ಕಳು. ಮೆಸೇಜ್ ಹಾಕಿ, ಬೇಡ ಅನ್ನಲ್ಲ. ಕೊನೇ ದಿನಕ್ಕೆ ಮುಂಚೆ ಯಾರ ಕಾಗದ ಬಂದಿಲ್ಲ ಅಂತ ಒಂದು ಸಲ ಪಟ್ಟಿ ನೋಡಿ. ಬರದವರ ಮನೆಗೆ ಒಂದು ಚೀಟಿ, ಇಲ್ಲಾ ಅಮ್ಮನ ಬಟನ್ ಫೋನಿಗೆ ಒಂದು ಕಾಲ್. ಉತ್ತರ ಬರೋವರೆಗೂ ಹೇಳಿದ ಹಾಗಲ್ಲ ಅಂತ ಇಟ್ಟುಕೊಂಡರೆ ಸಾಕು. ಅದಕ್ಕೆ ಬೇಕಾದ ಪುರುಸೊತ್ತು ಮಿಸ್ಸಿಗೆ ಸಿಗಬೇಕಾದರೆ ಮೇಲಿನ ಗ್ರೂಪುಗಳ ಬಾಯಿ ಸ್ವಲ್ಪ ಮುಚ್ಚಬೇಕು. ಅದು ಇಲಾಖೆಯ ಕೆಲಸ.

ಊರಿಂದ ಹೊರಡೋ ದಿನ ಅಕ್ಕನ ಮಗಳನ್ನ ಕೇಳಿದೆ, "ಕ್ಲಾಸಲ್ಲಿ ಏನೂ ಹೇಳಲೇ ಇಲ್ವೇನೆ?"

"ಹೇಳಿದ್ರು ಮಾಮ. ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದೀನಿ, ಮನೇಲಿ ನೋಡೋಕೆ ಹೇಳಿ ಅಂದ್ರು. ಅಪ್ಪ ಮನೇಲಿರ್ಲಿಲ್ಲ." ಬ್ಯಾಗಿನ ಜಿಪ್ ಎಳೀತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಏನಂತ ನಂಗೇ ಹೇಳಿದ್ರೆ ನಾನೇ ಅಮ್ಮಂಗೆ ಹೇಳ್ತಿದ್ದೆ ಮಾಮ. ನಾನು ಅಲ್ಲೇ ಮುಂದಿನ ಬೆಂಚಲ್ಲೇ ಕೂತಿದ್ದೆ."