ತಿರುಗದ ಗಾಲಿಯ ತೇರು

ಜಾತ್ರೆಯನ್ನೂ ವಿಮರ್ಶೆಗೆ ಒಡ್ಡಬಹುದೆ ಎಂದು ಕೇಳುವವರುಂಟು. ಭಕ್ತರಿಗೆ ಅದು ಸೇವೆ, ಪ್ರವಾಸಿಗೆ ನೋಟ. ಆದರೆ ಒಂದು ಊರಿನ ಜನ ತಲೆತಲಾಂತರದಿಂದ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತ ಬಂದದ್ದು ಕಲಾಕೃತಿಯೂ ಹೌದಷ್ಟೆ. ಜಪಾನಿನ ಕ್ಯೋಟೊ ನಗರದ ಗಿಯೋನ್ ಉತ್ಸವವನ್ನು ನಾನೂ ನನ್ನಾಕೆಯೂ ನೋಡಿದ್ದು ಆ ಕಣ್ಣಿನಿಂದಲೇ. ಜುಲೈ 16ರ ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ.

ಹೆಸರಿನ ಬೇರು ನಮ್ಮ ದೇಶದ್ದು. ಬುದ್ಧನು ನೆಲಸಿದ್ದ ಶ್ರಾವಸ್ತಿಯ ಜೇತವನದ ಚೀನೀ ಹೆಸರು ಜಪಾನೀಯರ ನಾಲಗೆಯಲ್ಲಿ ಗಿಯೋನ್ ಆಯಿತು. 869ರಲ್ಲಿ ಪಿಡುಗು ಹಬ್ಬಿದಾಗ ಪ್ರಾಂತಗಳ ಲೆಕ್ಕಕ್ಕೆ 66 ಭರ್ಜಿಗಳನ್ನು ನಿಲ್ಲಿಸಿ ಶಾಂತಿ ಮಾಡಿಸಿದ್ದು ಇದರ ಮೂಲವೆಂದು ಪ್ರತೀತಿ. ಇಂದು ಒಂದೊಂದು ತೇರೂ ಒಂದೊಂದು ಕೇರಿಯ ಸ್ವತ್ತು.

ತೇರುಗಳ ಮೈಮೇಲಿನ ನೇಯ್ಗೆಗಳನ್ನು ಕಂಡು ಇವನ್ನು ‘ಚಲಿಸುವ ವಸ್ತುಸಂಗ್ರಹಾಲಯ’ ಎನ್ನುತ್ತಾರೆ. ಪರ್ಷಿಯಾದ, ಭಾರತದ ರತ್ನಗಂಬಳಿಗಳು ಇಲ್ಲಿವೆ. ಕಾಂಕೊಬೊಕೊ ಎಂಬ ತೇರಿನದು 16ನೆಯ ಶತಮಾನದ ಯೂರೋಪಿನ ಚಿತ್ರಪಟ. ಇಸಾಕನಿಗೆ ಹೆಣ್ಣು ಹುಡುಕಿ ಬಂದ ಆಳಿಗೆ ರೆಬೆಕ್ಕ ನೀರು ಕೊಡುವ ಬೈಬಲ್ ಪ್ರಸಂಗ. ಕ್ರೈಸ್ತ ಮತಕ್ಕೆ ನಿಷೇಧವಿದ್ದ ಕಾಲದಲ್ಲಿ ಈ ದೇವರ ಮೆರವಣಿಗೆಗೆ ಅದು ಸಲ್ಲಿತು! ಆದರೂ ಆ ಹೊಗಳಿಕೆ ಸಾಲದು. ಹಳೆಯ ನೇಯ್ಗೆಗಳಲ್ಲಿ ಹಲವನ್ನು ಈಗ ಕಾಪಿಟ್ಟು, ಪ್ರತಿಕೃತಿಗಳನ್ನು ತೊಡಿಸಿ ಹೊರಡಿಸುತ್ತಾರೆ, ಉತ್ಸವಕ್ಕೇನೂ ಊನವಾಗಿಲ್ಲ. ಅದರ ಜೀವ ಬೇರೆಡೆ ಇರಬೇಕು.

ಆ ಸಂಜೆ ದೀಪಗಳು ಹತ್ತಿದಾಗ, ಒಂದು ತೇರಿನ ಮೆಟ್ಟಿಲ ಬಳಿಗೆ ಹೋದೆವು. ನನ್ನನ್ನು ಬಿಟ್ಟರು, ನನ್ನಾಕೆಯನ್ನು ವಿನಯದಿಂದಲೇ ತಡೆದರು. ಹೆಣ್ಣು ಹತ್ತಕೂಡದೆಂಬುದು ಆ ಕೇರಿಯ ಕಟ್ಟಳೆಯಂತೆ. ನಾನು ಹತ್ತಿ ಇಳಿದು ಬಂದೆ. “ಏನು ಕಂಡಿರಿ?” ಎಂದಳು. “ಚಾವಣಿಯ ಚಿತ್ರ” ಎಂದೆ. “ಕೆಳಗೆ ನಿಂತಿದ್ದ ನಾನು?” ಎಂದಳು. ಉತ್ತರ ಹೊಳೆಯಲಿಲ್ಲ. ಪರದೇಶದ ರೆಬೆಕ್ಕ ಚಿತ್ರದಲ್ಲಿ ತೇರನ್ನು ಅಲಂಕರಿಸಬಹುದು. ಜೀವಂತ ಹೆಣ್ಣಿಗೆ ಏಣಿ ಇಲ್ಲ. ಇದನ್ನು ಸಂಪ್ರದಾಯವೆಂದು ಕ್ಷಮಿಸಬಹುದು, ಸೊಬಗೆಂದು ಹೊಗಳಲಾಗದು. ಹತ್ತಿದ ನಾನೂ ಆ ಕಟ್ಟಳೆಯಲ್ಲಿ ಪಾಲುಗಾರನೇ.

ಮರುದಿನ ಶಿಜೊ ಮತ್ತು ಕವರಮಾಚಿ ಬೀದಿಗಳು ಕೂಡುವ ಮೂಲೆಯಲ್ಲಿ ನಿಂತೆವು. ಹತ್ತು ಟನ್ನಿಗೂ ಮೀರಿದ ತೇರು ಬಂದು ನಿಂತಿತು. ಅದರ ಗಾಲಿಗಳು ಮುಂದಕ್ಕೆ ಉರುಳಬಲ್ಲವು, ಪಕ್ಕಕ್ಕೆ ಹೊರಳಲಾರವು. ಸೀಳಿದ ಬಿದಿರನ್ನು ನೆಲಕ್ಕೆ ಹಾಸಿ ನೀರೆರಚಿದರು. ಮುಂದೆ ನಿಂತವರು ಬೀಸಣಿಗೆ ಬೀಸಿ ಕೂಗಿದರು; ಹಗ್ಗ ಹಿಡಿದವರು ಒಂದೇ ಉಸಿರಿನಲ್ಲಿ ಜಗ್ಗಿದರು. ತೇರು ನರಳಿ ಒಂದಿಷ್ಟು ಜಾರಿತು. ಮತ್ತೆ ಬಿದಿರು, ಮತ್ತೆ ನೀರು. ಕೆಲವು ಸಲಕ್ಕೆ ಪೂರ್ತಿ ತಿರುಗಿತು. ನಮ್ಮೂರ ತೇರಿನ ಗಾಲಿಗೆ ಸನ್ನೆ ಕೊಡುವವರನ್ನು ಬಲ್ಲ ನಮಗೆ ಆ ಬೆವರು ಅಪರಿಚಿತವಲ್ಲ. ದುಡಿಮೆಯನ್ನು ಮರೆಮಾಡದೆ ಅದನ್ನೇ ರಸಸ್ಥಾನವಾಗಿಸಿದ್ದು ಈ ಉತ್ಸವದ ಹಿರಿಮೆ. ನೇಯ್ಗೆಗಳು ಬರಿಯ ಆಭರಣ.

ಜನ ಚಪ್ಪಾಳೆ ತಟ್ಟಿದರು. ನನ್ನಾಕೆಯೂ ಮನಸಾರೆ ತಟ್ಟಿದಳು. ಕೆಲವು ತೇರುಗಳಲ್ಲಿ ಈಗ ಹೆಂಗಸರೂ ಕುಳಿತು ವಾದ್ಯ ನುಡಿಸುತ್ತಾರೆಂದು ಹೇಳಿದೆ.

“ಹೌದೆ? ಹಾಗಾದರೆ ಅದೂ ಒಂದಿಷ್ಟು ಜಾರಿದೆ. ಇನ್ನೂ ಬಿದಿರು ಹಾಸಬೇಕು” ಎಂದಳು.